ಸೀಸದ ಗುಡ್ಡದಲ್ಲಿ ಸಿಕ್ಕ ಟೇಲರ್ ಕಂಪನಿ

ಮಗಳು ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಲಂಡನ್ ಸುತ್ತಿದೆ, ಯಾರ್ಕ್‌ನ ದೊಡ್ಡ ಚರ್ಚು ನೋಡಿದೆ, ವಿಟ್ಬಿ ಅನ್ನೋ ಸಮುದ್ರದ ಊರಲ್ಲಿ ಮೀನು ತಿನ್ನುವವರ ಕ್ಯೂ ನೋಡಿದೆ. ಎಲ್ಲಾ ಚೆನ್ನಾಗಿತ್ತು. ಅದರ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅನ್ನಿಸಿದ್ದು ಗ್ರಾಸಿಂಗ್ಟನ್ ಮೂರ್ ಅನ್ನೋ ಬೋಳು ಗುಡ್ಡದ ಬಗ್ಗೆ. ಅಲ್ಲಿ ನಮ್ಮ ತಾತ ದಿನಾ ಹೇಳುತ್ತಿದ್ದ ಒಂದು ಹೆಸರು ಸಿಕ್ಕಿತು.

ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ರೈಲು, ಅಲ್ಲಿಂದ ಗ್ರಾಸಿಂಗ್ಟನ್‌ಗೆ ಬಸ್ಸು. ಯಾರ್ಕ್‌ಶೈರ್ ಡೇಲ್ಸ್ ಅನ್ನುವ ಕಣಿವೆಗಳ ಸೀಮೆ ಅದು. ಗ್ರಾಸಿಂಗ್ಟನ್ ವಾರ್ಫ್ ನದಿಯ ಕಣಿವೆಯಲ್ಲಿದೆ. ಊರ ನಡುವೆ ಕಲ್ಲು ಹಾಸಿದ ಚೌಕ, ಸುತ್ತ ಕಲ್ಲಿನ ಪುಟ್ಟ ಮನೆಗಳು. ಯಾವುದೋ ಟಿವಿ ಧಾರಾವಾಹಿಯ ಚಿತ್ರೀಕರಣ ಇಲ್ಲಿ ನಡೆದಿದೆಯಂತೆ. ಬಂದವರೆಲ್ಲ ಚೌಕದಲ್ಲೇ ನಿಂತು ಫೋಟೋ ತೆಗೆಸಿಕೊಂಡು, ಚಹಾ ಕುಡಿದು ವಾಪಸ್ ಹೋಗುತ್ತಾರೆ. ನನಗೆ ಅದು ಬೇಸರ ತರಿಸಿತು. ಆ ಪುಟ್ಟ ಮನೆಗಳಲ್ಲಿ ಎಷ್ಟೋ ಮನೆಗಳು ಒಂದು ಕಾಲಕ್ಕೆ ಸೀಸದ ಗಣಿ ಕೆಲಸಗಾರರು ತುಂಬಿಕೊಂಡು ಬಾಳಿದ ಮನೆಗಳು. ಇನ್ನೊಂದಿಷ್ಟು ಮೇಲೆ ಹತ್ತಿದರೆ ಅವರು ದುಡಿದ ಜಾಗ ಇದೆ. ಆ ಕಡೆ ಹೋಗುವವರು ಕಡಿಮೆ. ಚಹಾದಂಗಡಿಯ ಹಣ್ಣಿನ ಕೇಕಿನ ಜೊತೆ ಕೊಡುವ ವೆನ್ಸ್ಲಿಡೇಲ್ ಚೀಸ್ ಮಾತ್ರ ಬಿಡಬೇಡಿ. ಸಿಹಿ ಜೊತೆ ಚೀಸ್ ಏನು ಚೆಂದ ಅಂತ ಮೊದಲು ಅನ್ನಿಸುತ್ತದೆ, ಎರಡನೇ ತುತ್ತಿಗೆ ಒಗ್ಗಿಹೋಗುತ್ತದೆ.

ಊರಿಂದ ಮೂರ್ ಲೇನ್ ಅನ್ನೋ ರಸ್ತೆ ನೇರವಾಗಿ ಗುಡ್ಡಕ್ಕೆ ಏರುತ್ತದೆ. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಸುಣ್ಣಕಲ್ಲಿನ ಗೋಡೆ, ಆಚೆ ಹಸಿರು ಹುಲ್ಲು, ಕುರಿ. ಯಾರ್ನ್‌ಬರಿ ಅನ್ನುವಲ್ಲಿಗೆ ಬಂದರೆ ಟಾರು ಮುಗಿಯಿತು. ಹಸಿರೂ ಅಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು. ಮುಂದೆ ಮರವೇ ಇಲ್ಲದ ಎತ್ತರದ ಬಯಲು, ಕಂದು ಹುಲ್ಲು, ಹೆದರ್ ಪೊದೆ, ಕಾಲಿಟ್ಟರೆ ಜವುಗು. ಗಾಳಿ ಅಂದರೆ ಗಾಳಿ. ಅದರ ನಡುವೆ ದೂರದಲ್ಲಿ ಒಂದೇ ಒಂದು ಕಲ್ಲಿನ ಚಿಮಣಿ.

ಯಾರ್ನ್‌ಬರಿಯಲ್ಲಿ ಗಣಿ ಏಜೆಂಟರ ಮನೆ, ಅದಿರು ತೂಗುತ್ತಿದ್ದ ಕಟ್ಟಡ ಇನ್ನೂ ನಿಂತಿವೆ. ಹತ್ತಿರದಲ್ಲೇ ನೆಲದೊಳಗೆ ಇಳಿಜಾರಾಗಿ ಇಳಿಯುವ ಗಣಿ ಬಾಯಿ ಇದೆ. 1828ರ ಹೊತ್ತಿನ ಕಮಾನು ಅದು. ಸ್ವಲ್ಪ ಮುಂದೆ ಹೋದರೆ ನೆಲವೆಲ್ಲ ಗುಳಿ. ಇಡ್ಲಿ ತಟ್ಟೆಯ ಗುಳಿಗಳ ಹಾಗೆ ಒಂದರ ಪಕ್ಕ ಒಂದು, ಸಾಲಾಗಿ. ಹಳೇ ಕಾಲದಲ್ಲಿ ಸೀಸದ ಅದಿರಿನ ಎಳೆ ಬಂಡೆಯೊಳಗೆ ಯಾವ ಕಡೆ ಹೋಗಿದೆಯೋ ಆ ಕಡೆಗೇ ಬಾವಿ ತೋಡುತ್ತಾ ಹೋಗುತ್ತಿದ್ದರು. ಒಂದು ಬಾವಿ ಅಪಾಯ ಅನ್ನಿಸಿದರೆ ಬಿಟ್ಟು ಪಕ್ಕದಲ್ಲಿ ಇನ್ನೊಂದು. ಹಾಗಾಗಿ ಗುಳಿಗಳ ಸಾಲನ್ನು ನೋಡಿದರೆ ನೆಲದಡಿಯ ಎಳೆ ಎಲ್ಲಿ ಹಾದಿದೆ ಅಂತ ಮೇಲಿನಿಂದಲೇ ಗೊತ್ತಾಗುತ್ತದೆ. ಕೆಲವು ಕಡೆ ಯಾರ ಪಾಲು ಎಲ್ಲಿಗೆ ಅಂತ ಗುರುತು ಹಾಕಿ, ಹೆಸರಿನ ಮೊದಲ ಅಕ್ಷರ ಕೆತ್ತಿದ ಗಡಿಕಲ್ಲುಗಳೂ ಇವೆ.

ಮಗಳು ನೆಲದ ಮೇಲೆ ಕೂತಿದ್ದಳು. 'ಅಮ್ಮಾ, ಇಲ್ಲಿ ನೋಡು' ಅಂದಳು. ಬೂದು ಬಣ್ಣದ ಜಲ್ಲಿ ರಾಶಿ. ಅದರ ಮೇಲೆ ಹುಲ್ಲಿನ ಒಂದು ಎಸಳೂ ಇಲ್ಲ. ಆದರೆ ಕಲ್ಲುಗಳ ಸಂದಿಯಲ್ಲಿ ಅಂಗೈಯಗಲದ ಮೆತ್ತೆ ಹಾಗೆ ಹಬ್ಬಿಕೊಂಡ ಪುಟ್ಟ ಗಿಡ, ಸೂಜಿಯಂಥ ಎಲೆ, ಐದೆಸಳಿನ ಬಿಳಿ ಹೂ. ಹೂ ನಮ್ಮ ಉಗುರಿಗಿಂತ ದೊಡ್ಡದಲ್ಲ. ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಅಂತ ಅದರ ಹೆಸರು. ಸ್ಥಳೀಯರು ಲೆಡ್‌ವರ್ಟ್ ಅಂತಲೂ ಕರೆಯುತ್ತಾರೆ. ಬೇರೆ ಗಿಡಗಳನ್ನು ಕೊಲ್ಲುವಷ್ಟು ಸೀಸ ಇರುವ ಮಣ್ಣಲ್ಲಿ ಇದು ತಾಳಿಕೊಂಡು ಬೆಳೆಯುತ್ತದೆ. ಗಣಿ ಮುಚ್ಚಿ ಸುಮಾರು 140 ವರ್ಷ ಆದರೂ ಹುಲ್ಲು ವಾಪಸ್ ಬಂದಿಲ್ಲ. ಹಿಂದೆ ಇಂಥ ಜಾಗದಲ್ಲಿ ಮೇಯ್ದ ದನ ಕುರಿಗಳಿಗೆ ವಿಷ ಏರುತ್ತಿತ್ತಂತೆ.

ಚಿಮಣಿಯ ಕಡೆ ನಡೆದೆವು. ಕೆಳಗೆ ಕಣಿವೆಯಲ್ಲಿ ಸೀಸ ಕರಗಿಸುತ್ತಿದ್ದ ಮಿಲ್ಲಿನ ಅವಶೇಷ ಇದೆ. 1790ರ ದಶಕದಲ್ಲಿ ಡೆವನ್‌ಶೈರ್ ಡ್ಯೂಕರು ಕಟ್ಟಿಸಿದ್ದು. ಈ ಗುಡ್ಡದ ಖನಿಜವೆಲ್ಲ ಅವರ ಮನೆತನದ್ದು. ಕುಲುಮೆಯ ಹೊಗೆಯಲ್ಲಿ ಸೀಸವೂ ಆವಿಯಾಗಿ ಹೋಗುತ್ತಿತ್ತು. ಅದನ್ನು ಸುಮ್ನೆ ಬಿಡಬಾರದು ಅಂತ ಕುಲುಮೆಯಿಂದ ಗುಡ್ಡದ ನೆತ್ತಿವರೆಗೆ, ನೆಲದ ಮೇಲೇ, ಕಲ್ಲಿನ ಕಮಾನು ಕಟ್ಟಿ ಹೊಗೆ ಸುರಂಗ ಮಾಡಿದರು. ಹೊಗೆ ಅಷ್ಟು ದೂರ ಹೋಗುವಾಗ ತಣ್ಣಗಾಗಿ ಸೀಸ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಆಳುಗಳು ಒಳಗೆ ಹೋಗಿ ಅದನ್ನು ಕೆರೆದು ತರುತ್ತಿದ್ದರು. ಅದನ್ನು ಮತ್ತೆ ಕುಲುಮೆಗೆ ಹಾಕುತ್ತಿದ್ದರು. ಸುರಂಗ ಕುಸಿದ ಒಂದು ಕಡೆ ಬಗ್ಗಿ ನೋಡಿದೆ. ಕಮಾನಿನ ಕಲ್ಲುಗಳು ಇನ್ನೂ ಒಂದಕ್ಕೊಂದು ಒರಗಿಕೊಂಡು ಭದ್ರವಾಗಿವೆ. ಒಳಗೆ ಕತ್ತಲು. ಅಲ್ಲಿ ಬಗ್ಗಿಕೊಂಡು ವಿಷ ಕೆರೆದವರನ್ನು ನೆನೆಸಿಕೊಂಡು ಹೊಟ್ಟೆ ತೊಳೆಸಿದ ಹಾಗಾಯಿತು.

ಅಲ್ಲೇ ಗೋಡೆಯ ಮರೆಯಲ್ಲಿ ಒಬ್ಬ ಹಿರಿಯರು ನಾಯಿಯ ಜೊತೆ ಕೂತು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಎಪ್ಪತ್ತು ದಾಟಿದವರು. ನಾನು ಬಗ್ಗಿ ನೋಡುತ್ತಿದ್ದುದನ್ನು ನೋಡಿ, 'ಒಳಗೆ ಮಾತ್ರ ಹೋಗಬೇಡಿ' ಅಂದರು. ಹಾಗೆ ಶುರುವಾದ ಮಾತು ಬಹಳ ಹೊತ್ತು ನಡೆಯಿತು. ದಾರಿಯಲ್ಲಿ ಬಿದ್ದಿದ್ದ ಒಂದು ಕಲ್ಲು ಎತ್ತಿ ನನ್ನ ಕೈಗೆ ಕೊಟ್ಟರು. ನಿಂಬೆಹಣ್ಣಿನಷ್ಟೇ ಇತ್ತು, ಆದರೆ ಕೈ ಕೆಳಗೆ ಎಳೆಯುವಷ್ಟು ಭಾರ. ಒಡೆದ ಮುಖದಲ್ಲಿ ಚೌಕ ಚೌಕವಾದ ಹರಳು, ಬೆಳ್ಳಿಯ ಹೊಳಪು. ಗೆಲೀನಾ, ಸೀಸದ ಅದಿರು. 'ನೋಡಿ ಅಲ್ಲೇ ಇಡಿ. ಇದು ಸಂರಕ್ಷಿತ ಜಾಗ, ಏನೂ ತೆಗೆದುಕೊಂಡು ಹೋಗುವ ಹಾಗಿಲ್ಲ' ಅಂದರು. ಇಟ್ಟೆ.

ಆಮೇಲೆ ಬೋಳು ಹುಲ್ಲಿನಲ್ಲಿ ಹಾವಿನಂತೆ ಬಳಸಿ ಹೋಗಿದ್ದ ಒಂದು ಕಾಲುವೆ ತೋರಿಸಿದರು. ಈ ಎತ್ತರದಲ್ಲಿ ದೊಡ್ಡ ಹೊಳೆ ಇಲ್ಲ. ಆದರೆ ಯಂತ್ರ ನಡೆಸೋಕೆ ನೀರು ಬೇಕು. ಅದಕ್ಕೆ ಗುಡ್ಡದ ಮೇಲೆ ಅಣೆಕಟ್ಟು ಕಟ್ಟಿ, ಮಳೆ ನೀರು ಹಿಡಿದು, ಮೈಲಿಗಟ್ಟಲೆ ಕಾಲುವೆಯಲ್ಲಿ ತಂದು, ಒಂದು ಚಕ್ರ ತಿರುಗಿಸಿದ ನೀರನ್ನೇ ಕೆಳಗಿನ ಇನ್ನೊಂದು ಚಕ್ರಕ್ಕೆ ಬಿಡುತ್ತಿದ್ದರಂತೆ. 'ಇದೆಲ್ಲ ಅಚ್ಚುಕಟ್ಟು ಮಾಡಿದ್ದು ಟೇಲರ್. ಸುಮಾರು 1818ರಲ್ಲಿ ಡ್ಯೂಕರ ಮುಖ್ಯ ಏಜೆಂಟ್ ಆಗಿ ಬಂದ.'

'ಯಾವ ಟೇಲರ್?'

'ಜಾನ್ ಟೇಲರ್. ನಾರಿಚ್‌ನವನು. ಹತ್ತೊಂಬತ್ತನೇ ವಯಸ್ಸಿಗೇ ಡೆವನ್‌ನ ತಾಮ್ರದ ಗಣಿ ನೋಡಿಕೊಂಡವನು. ಮೆಕ್ಸಿಕೋದ ಬೆಳ್ಳಿ ಗಣಿಗೂ ಕೈ ಹಾಕಿದ. ಆಮೇಲೆ ಮಕ್ಕಳು ಸೇರಿ ಜಾನ್ ಟೇಲರ್ ಅಂಡ್ ಸನ್ಸ್ ಆಯಿತು.'

ನಾನು ಬಂಗಾರಪೇಟೆಯಲ್ಲಿ ಬೆಳೆದವಳು. ಅಮ್ಮನ ಅಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಅವರ ಬಾಯಲ್ಲಿ ಕಾಲ ಅಂದರೆ ಎರಡೇ: ಟೇಲರ್ ಕಂಪನಿ ಕಾಲ, ಸರ್ಕಾರದ ಕಾಲ. 1880ರಲ್ಲಿ ಕೋಲಾರಕ್ಕೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ 1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಳ್ಳುವವರೆಗೂ ಅಲ್ಲಿನ ಆಡಳಿತ ನಡೆಸಿತು. ಹಿರಿಯ ಟೇಲರ್ ಕೋಲಾರ ನೋಡಲಿಲ್ಲ, 1863ರಲ್ಲೇ ತೀರಿಕೊಂಡಿದ್ದ. ಆದರೆ ಅವನ ಕಂಪನಿ ನಮ್ಮೂರಿಗೆ ಬಂದ ಹೊತ್ತಿಗೇ, ಸ್ಪೇನಿನ ಅಗ್ಗದ ಸೀಸದಿಂದ ಬೆಲೆ ಕುಸಿದು, ಈ ಗುಡ್ಡದ ಗಣಿಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಇಲ್ಲಿ ಚಕ್ರ ನಿಂತ ಕಾಲಕ್ಕೆ ಅಲ್ಲಿ ಶಾಫ್ಟ್, ಅಂದರೆ ಗಣಿಯ ಬಾವಿ, ಇಳಿಯುತ್ತಿತ್ತು. ಆ ಗಾಳಿಯಲ್ಲಿ ನಿಂತು ನನಗೆ ಕಣ್ಣು ತುಂಬಿತು.

ಅವರಿಗೆ ಕೋಲಾರದ ಕಥೆ ಗೊತ್ತಿರಲಿಲ್ಲ. ಕೇಳಿದರು, ಹೇಳಿದೆ. ಮೂರು ಕಿಲೋಮೀಟರಿಗಿಂತ ಆಳ ಇಳಿದ ಗಣಿ ಅಂದಾಗ ಚಹಾ ಲೋಟ ಕೆಳಗಿಟ್ಟರು. ಕೆಳಗೆ ಬಂಡೆಯೇ ಸುಡುತ್ತಿತ್ತು ಅಂತ ತಾತ ಹೇಳುತ್ತಿದ್ದುದು, ಬಂಡೆ ಸಿಡಿದು ಜನ ಸತ್ತದ್ದು, ದೂಳು ಕುಡಿದು ಶ್ವಾಸಕೋಶ ಕೆಟ್ಟದ್ದು, ಗಣಿಗೆ ಕರೆಂಟು ಕೊಡಲೆಂದೇ 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದದ್ದು, ಬೇತಮಂಗಲದ ಕೆರೆ ನೀರು ತಂದದ್ದು. ನೀರಿನ ಮಾತು ಬಂದಾಗ ಅವರು ಕಾಲುವೆ ಕಡೆ ಕೈ ತೋರಿಸಿ, 'ಅಲ್ಲೂ ಮೊದಲು ನೀರೇ ನೋಡಿದರಾ!' ಅಂದರು.

'ಮುಚ್ಚಿದ ಮೇಲೆ ಜನ ಏನಾದರು?' ಅಂತ ಅವರ ಮುಂದಿನ ಪ್ರಶ್ನೆ. ಅದನ್ನು ಅವರು ಕೇಳಿದ್ದಕ್ಕೆ ಕಾರಣ ಇತ್ತು. ಅವರ ಮುತ್ತಜ್ಜ ಇದೇ ಗುಡ್ಡದಲ್ಲಿ ದುಡಿದವರು. ಗಣಿ ನಿಂತ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲ್ಯಾಂಕಾಶೈರ್‌ನ ಬಟ್ಟೆ ಗಿರಣಿ ಸೇರಿದರಂತೆ. ಇಲ್ಲಿಂದ ಎಷ್ಟೋ ಮನೆಗಳು ಹಾಗೇ ಖಾಲಿಯಾದವು. ನಾನು ಹೇಳಿದೆ, ನಮ್ಮಲ್ಲಿ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಬಹಳ ಜನ ಊರು ಬಿಡಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. ಹಳೇ ಕ್ವಾರ್ಟರ್ಸ್‌ನಲ್ಲೇ ಇದ್ದಾರೆ. ಮನೆ ಹಿಂದೆ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಗಣಿ ಮಣ್ಣಿನ ರಾಶಿ, ಗಾಳಿ ಬಂದರೆ ದೂಳು ಅನ್ನದ ತಟ್ಟೆಗೆ. ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಈ ಬೋಳು ಗುಡ್ಡವನ್ನು ಅವರು ನೋಡಿಕೊಂಡಿರುವ ರೀತಿ ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಚಿಮಣಿ ದುರಸ್ತಿ ಮಾಡಿದ್ದಾರೆ. ಅಪಾಯದ ಶಾಫ್ಟ್‌ಗಳಿಗೆ ಮುಚ್ಚಳ ಹಾಕಿದ್ದಾರೆ. ಯಾವ ಕಲ್ಲು ಏನು ಅಂತ ಫಲಕ ನಿಲ್ಲಿಸಿ ಕಾಲುದಾರಿ ಮಾಡಿದ್ದಾರೆ. ಕೆಜಿಎಫ್‌ನಲ್ಲಿ ಇದರ ನೂರು ಪಾಲು ಇದೆ. ಶಾಫ್ಟ್ ಮೇಲಿನ ಕಬ್ಬಿಣದ ಗೋಪುರಗಳಿವೆ, ಕ್ಲಬ್ಬು, ಆಸ್ಪತ್ರೆ, ಚರ್ಚುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆಳಗೆ ಇಳಿದು ಕೆಲಸ ಮಾಡಿದವರು ಇನ್ನೂ ಬದುಕಿದ್ದಾರೆ. ಇಲ್ಲಿ ಕೇಳೋಕೆ ಅಂಥವರು ಒಬ್ಬರೂ ಇಲ್ಲ. ನಮ್ಮಲ್ಲಿ ಇರುವವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು, ಅವರಿಗೆ ಬರಬೇಕಾದ ಮನೆ, ಔಷಧಿ ಮೊದಲು ಕೊಡಬೇಕು. ಫಲಕ ಆಮೇಲೆ ಹಾಕಿದರೂ ನಡೆಯುತ್ತದೆ.

ಹೋಗುವವರಿಗೆ ಒಂದು ಮಾತು. ಇಳಿಯುವಾಗ ಕಾಲು ನೋಯುತ್ತೆ ಅಂತ ಯಾರ್ನ್‌ಬರಿಗೆ ಟ್ಯಾಕ್ಸಿ ಹೇಳಿಟ್ಟಿದ್ದೆವು. ಬರುತ್ತೇನೆ ಅಂತ ಒಪ್ಪಿ, ಮುಂಗಡ ಹಣವನ್ನೂ ಹಾಕಿಸಿಕೊಂಡವನು ಬರಲೇ ಇಲ್ಲ. ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ. ಮಳೆ ಬೇರೆ ಶುರುವಾಯಿತು. ಸುಮಾರು ಒಂದೂವರೆ ಮೈಲಿ ನಡೆದೇ ಇಳಿದು ಬರುವಷ್ಟರಲ್ಲಿ ಸ್ಕಿಪ್ಟನ್ ಬಸ್ಸು ಕಣ್ಣೆದುರೇ ಹೋಯಿತು. ಮುಂದಿನ ಬಸ್ಸಿಗೆ ಒದ್ದೆ ಬಟ್ಟೆಯಲ್ಲಿ ಕಾದೆವು. ಆ ಹಣ ಇವತ್ತಿಗೂ ವಾಪಸ್ ಬಂದಿಲ್ಲ. ಟ್ಯಾಕ್ಸಿ ನಂಬಬೇಡಿ. ಕೊನೇ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ, ಕಾಗದದ ಮ್ಯಾಪ್ ಇರಲಿ, ಬೇಸಿಗೆಯಲ್ಲೂ ರೇನ್‌ಕೋಟ್ ಬೇಕು. ಮಂಜು ಇಳಿದರೆ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಎಲ್ಲೆಂದರಲ್ಲಿ ಹಳೇ ಬಾವಿಗಳಿವೆ. ಬಿಳಿ ಹೂ ನೋಡಬೇಕಾದರೆ ಮೇ, ಜೂನ್ ಒಳ್ಳೆಯದು. ಹೆದರ್ ನೇರಳೆಯಾಗುವುದು ಆಗಸ್ಟ್‌ನಲ್ಲಿ. ಮಳೆ ಹಿಡಿದು ಕೂತರೆ ಹಾವ್ಸ್ ಊರಿನ ಹಳೇ ರೈಲ್ವೆ ಸ್ಟೇಷನ್ನಿನಲ್ಲಿರುವ ಡೇಲ್ಸ್ ಮ್ಯೂಸಿಯಂಗೆ ಹೋಗಬಹುದು. ಅರ್ಬಿಯಲ್ಲಿದ್ದ ಗಣಿ ಮ್ಯೂಸಿಯಂ 2015ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾಮಾನುಗಳು ಈಗ ಹಾವ್ಸ್‌ನಲ್ಲಿವೆ.

ಆ ಹಿರಿಯರು ಹೊರಡುವಾಗ ತಮ್ಮ ಇಮೇಲ್ ಬರೆದುಕೊಟ್ಟಿದ್ದರು. ಕೋಲಾರದ ಶಾಫ್ಟ್ ಗೋಪುರಗಳ ಫೋಟೋ ಕಳಿಸಿ, ಇಲ್ಲಿನ ಹಳೇ ಗಣಿಗಳ ಬಗ್ಗೆ ಆಸಕ್ತಿ ಇರುವವರಿಗೆ ತೋರಿಸುತ್ತೇನೆ ಅಂದರು. ರಾಬರ್ಟ್‌ಸನ್‌ಪೇಟೆಯಲ್ಲಿರುವ ಮಾವನ ಮಗನಿಗೆ ಹೇಳಿದ್ದೇನೆ. ಬರೀ ಗೋಪುರ ಸಾಲದು, ಅದರ ಕೆಳಗೆ ದುಡಿದವರನ್ನೂ ನಿಲ್ಲಿಸಿ ತೆಗೆ ಅಂತ ಹೇಳಿದ್ದೇನೆ. ಚಾಂಪಿಯನ್ ರೀಫ್‌ನದ್ದು ಮೊದಲು ಬೇಕು. ತಾತ ಇಳಿಯುತ್ತಿದ್ದುದು ಅಲ್ಲಿಗೇ.