ಎಂಟನೇ ತರಗತಿಯ ಇಂಗ್ಲಿಷ್ ಪೀರಿಯಡ್ಡಿಗೆ ಎಂಥ ಆಟ ಬೇಕು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತದೆ. ಹಾಗಾಗಿ ನಾನು ಪಾಠ ಮಾಡುವ ಬೆಂಗಳೂರಿನ ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಎಂಟನೇ ತರಗತಿಗೆಂದು ಬಂದು ಸೇರುವ ಮಕ್ಕಳು ಲೆಕ್ಕದ ಪ್ರಕಾರ ಏಳು ವರ್ಷ ಇಂಗ್ಲಿಷ್ ಓದಿರುತ್ತಾರೆ. ಆದರೂ ಅವರಲ್ಲಿ ಹೆಚ್ಚಿನವರು ತಾವಾಗಿಯೇ ಒಂದು ವಾಕ್ಯ ಕಟ್ಟಿ ಹೇಳಲಾರರು. ಇಷ್ಟು ವರ್ಷಗಳಲ್ಲಿ ಅವರು ಚೆನ್ನಾಗಿ ಮನದಟ್ಟು ಮಾಡಿಕೊಂಡಿರುವ ಪಾಠವೆಂದರೆ ‘ಇದು ನನಗೆ ಬರುವುದಿಲ್ಲ’ ಎಂಬುದೊಂದೇ. ಇಂಥ ಮಕ್ಕಳ ಮುಂದೆ ಪ್ರಾಥಮಿಕ ಶಾಲೆಯ ಅಭಿನಯ ಗೀತೆಯನ್ನೋ ಹಣ್ಣು ತರಕಾರಿಗಳ ಬಣ್ಣದ ಕಾರ್ಡನ್ನೋ ತಂದಿಟ್ಟರೆ, ಆಟವೆಂಬ ಕಾರಣಕ್ಕೆ ಅವರು ಖುಷಿಪಡುವುದಿಲ್ಲ. ಮೀಸೆ ಮೂಡುತ್ತಿರುವ ಹುಡುಗನಿಗೆ ಅದು ಅವಮಾನವಾಗಿ ಕಾಣುತ್ತದೆ.

ಭಾಷೆ ಕಲಿಯುವ ಶಕ್ತಿಯೇ ಇವರಿಗಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ತರಗತಿಯಲ್ಲಿ ಮನೆಯೊಳಗೆ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಕ್ಕಳಿದ್ದಾರೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬಗಳ ಹುಡುಗರು ಅಕ್ಕಪಕ್ಕದವರ ತಮಿಳನ್ನು ಯಾವ ಪುಸ್ತಕವೂ ಇಲ್ಲದೆ, ಔಟೋ ನಾಟೌಟೋ ಎಂದು ಜಗಳ ಕಾಯುವಷ್ಟರ ಮಟ್ಟಿಗೆ ಕಲಿತುಬಿಡುತ್ತಾರೆ. ಆ ಮಾತು ಬರದಿದ್ದರೆ ಬೀದಿಯ ಕ್ರಿಕೆಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಮಾತು ತಪ್ಪಾದರೂ ಆಟ ನಿಲ್ಲುವುದಿಲ್ಲ. ಇಂಗ್ಲಿಷ್ ಪೀರಿಯಡ್ಡಿಗೆ ಆಟ ಆರಿಸುವಾಗ ಈ ಎರಡು ಅಂಶಗಳನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಬಾಯಿ ಬಿಡದೆಯೇ ಗೆಲ್ಲಬಹುದಾದ ಆಟವನ್ನು ನಾನು ಆಡಿಸುವುದಿಲ್ಲ. ಕಪ್ಪುಹಲಗೆಯ ಮೇಲೆ ಗೀಟು ಹಾಕಿ ಅಕ್ಷರ ಊಹಿಸುವ ಹ್ಯಾಂಗ್‌ಮನ್ ಬಹಳ ಜನಪ್ರಿಯ, ಆದರೆ ಅದರಲ್ಲಿ ಮಕ್ಕಳು ಒಂದೊಂದು ಅಕ್ಷರ ಕೂಗುತ್ತಾರೆಯೇ ಹೊರತು ಒಂದು ವಾಕ್ಯವೂ ಹುಟ್ಟುವುದಿಲ್ಲ. ಪೀರಿಯಡ್ಡಿನ ಕೊನೆಯ ಐದು ನಿಮಿಷಕ್ಕೆ ಅದು ಸಾಕು. ಎರಡು ತಂಡ ಮಾಡಿ ಒಬ್ಬೊಬ್ಬರನ್ನೇ ಮುಂದೆ ಕರೆಯುವ ಕ್ವಿಜ್‌ನಲ್ಲಿ ಒಬ್ಬ ಮಾತನಾಡುವಾಗ ಉಳಿದ ನಲವತ್ತು ಮಂದಿ ಸುಮ್ಮನೆ ಕುಳಿತಿರುತ್ತಾರೆ. ತಪ್ಪಿದವರನ್ನು ಔಟ್ ಮಾಡುತ್ತ ಹೋಗುವ ಆಟಗಳಂತೂ ನನಗೆ ಎಳ್ಳಷ್ಟೂ ಇಷ್ಟವಿಲ್ಲ, ಏಕೆಂದರೆ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಬಿದ್ದು, ಬಲ್ಲವರು ಆಡುವುದನ್ನು ನೋಡುತ್ತ ಕೂರುತ್ತಾರೆ. ಆತಂಕ ಮತ್ತು ಕುಗ್ಗಿದ ಆತ್ಮವಿಶ್ವಾಸ ಕಿವಿಗೆ ಬಿದ್ದ ಭಾಷೆಯನ್ನು ಒಳಗಿಳಿಯಲು ಬಿಡುವುದಿಲ್ಲ ಎಂದು ಭಾಷಾ ವಿದ್ವಾಂಸ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಾದಿಸಿದ್ದರು. ಆ ವಾದದ ಬಗ್ಗೆ ಚರ್ಚೆಗಳೇನೇ ಇರಲಿ, ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಪಕ್ಕದ ಬೆಂಚಿನವರ ಒಂದು ನಗೆ ಎಷ್ಟು ದಿನ ಬಾಯಿ ಕಟ್ಟಿಹಾಕುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ.

ಜೂನ್ ತಿಂಗಳಲ್ಲಿ ನಾನು ಆರಂಭಿಸುವುದು ಹೌಸಿಯಿಂದ. ಗಣೇಶೋತ್ಸವದ ಪೆಂಡಾಲಿನಲ್ಲೋ ನೆಂಟರ ಮನೆಯಲ್ಲೋ ಬಹುತೇಕ ಮಕ್ಕಳು ಅದನ್ನು ಆಡಿರುತ್ತಾರೆ. ದೊಡ್ಡವರೂ ಆಡುವ ಆಟವಾದ್ದರಿಂದ ಎಳೆಮಕ್ಕಳದ್ದು ಎಂಬ ಸಂಕೋಚ ಇರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂಬತ್ತು ಮನೆ ಗೀಟು ಹಾಕಿಕೊಂಡು 13, 30, 14, 40, 15, 50 ಇಂಥ ಜೋಡಿಗಳಿಂದಲೇ ಅಂಕಿ ತುಂಬಿಕೊಳ್ಳಬೇಕು. ಮೊದಮೊದಲು ನಾನು ಕೂಗುತ್ತೇನೆ, ಅವರು ಕೇಳಿ ಗುರುತು ಹಾಕುತ್ತಾರೆ. ಮಾತಿಗಿಂತ ಮೊದಲು ಕೇಳಿ ಮಾಡುವ ಹಂತವೊಂದು ಇರಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಿಂದಲೇ ಹೇಳುತ್ತ ಬಂದಿದ್ದರು, ಮತ್ತು ಹೆದರಿದ ಮಕ್ಕಳಿಗೆ ಆ ಹಂತ ನಿಜಕ್ಕೂ ಬೇಕು. ಆಮೇಲೆ ಕೂಗುವ ಕೆಲಸವನ್ನು ಇಬ್ಬಿಬ್ಬರಿಗೆ ಒಟ್ಟಾಗಿ ಒಪ್ಪಿಸುತ್ತೇನೆ. ‘ಥರ್ಟೀನ್’ ಎನ್ನುವಾಗ ಕೊನೆಯ ಭಾಗವನ್ನು ಎಳೆದು ಒತ್ತಿ ಹೇಳದಿದ್ದರೆ ಅದು ‘ಥರ್ಟಿ’ಯಂತೆ ಕೇಳಿಸುತ್ತದೆ, ಆಗ ನಾನು ತಿದ್ದಬೇಕಾಗಿಲ್ಲ, ಇಡೀ ತರಗತಿಯೇ ‘ಥರ್ಟೀನ್ ಆರ್ ಥರ್ಟಿ?’ ಎಂದು ಕೇಳುತ್ತದೆ. ಗೆದ್ದವರು ತಮ್ಮ ಅಂಕಿಗಳನ್ನು ಓದಿ ಹೇಳಬೇಕಾದ್ದರಿಂದ ಅಲ್ಲಿಯೂ ಮಾತಿದೆ.

ಎರಡನೆಯದು ದರಪಟ್ಟಿಯ ಆಟ. ಜೋಡಿಯಲ್ಲಿ ಒಬ್ಬರ ಚೀಟಿಯಲ್ಲಿ ಕೆಲವು ತರಕಾರಿಗಳ ದರ ಇರುತ್ತದೆ, ಇನ್ನೊಬ್ಬರ ಚೀಟಿಯಲ್ಲಿ ಉಳಿದವುಗಳದ್ದು. ಬೆನ್ನಿಗೆ ಬೆನ್ನು ಮಾಡಿ ಕುಳಿತು, ಚೀಟಿ ತೋರಿಸದೆ, ಕೇಳಿ ಕೇಳಿಯೇ ಪಟ್ಟಿ ತುಂಬಬೇಕು. ‘ಹೌ ಮಚ್ ಈಸ್ ಎ ಕಿಲೋ ಆಫ್ ಆನಿಯನ್ಸ್?’ ಎಂಬ ಒಂದೇ ಪ್ರಶ್ನೆ ಎಂಟು ಹತ್ತು ಸಲ ಬಾಯಿಗೆ ಬರುತ್ತದೆ, ಮತ್ತು ಪ್ರತಿ ಸಲವೂ ಉತ್ತರ ನಿಜವಾಗಿಯೂ ಬೇಕಾಗಿರುತ್ತದೆ. ಒಂದು ದಿನ ನಾನು ಬರೆದಿದ್ದ ದರ ನೋಡಿ, ಅದುವರೆಗೆ ತರಗತಿಯಲ್ಲಿ ತುಟಿ ಬಿಚ್ಚದಿದ್ದ ಹುಡುಗನೊಬ್ಬ ಎದ್ದು ನಿಂತು ‘ನೋ ಮಿಸ್, ಬೀನ್ಸ್ ಈಸ್ ನಾಟ್ ಫಾರ್ಟಿ, ಬೀನ್ಸ್ ಈಸ್ ಎಯ್ಟಿ’ ಎಂದ. ಅವನು ಬೆಳಗಿನ ಜಾವ ತಾಯಿಯ ಜೊತೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದು, ತಳ್ಳುಗಾಡಿಗೆ ತುಂಬಿಸಿ ಕೊಟ್ಟು ಶಾಲೆಗೆ ಬರುವ ಹುಡುಗ. ಅಂದಿನಿಂದ ದರ ಹಾಕುವ ಕೆಲಸ ಅವನದೇ; ಉಳಿದವರು ಅವನನ್ನು ಇಂಗ್ಲಿಷಿನಲ್ಲೇ ಕೇಳಿ ಬರೆದುಕೊಳ್ಳುತ್ತಾರೆ. ಮಕ್ಕಳಿಗೆ ತಮ್ಮ ಶಿಕ್ಷಕಿಗಿಂತ ಚೆನ್ನಾಗಿ ಗೊತ್ತಿರುವ ವಿಷಯ ಸಿಕ್ಕಿದರೆ ಭಾಷೆಯ ಅಳುಕು ಎಷ್ಟು ಬೇಗ ಹಿಂದೆ ಸರಿಯುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗಲೇ. ಬಸ್ಸಿನ ವೇಳಾಪಟ್ಟಿ, ಮೊಬೈಲ್ ರೀಚಾರ್ಜ್ ಪ್ಲ್ಯಾನು, ಐಪಿಎಲ್ ಸ್ಕೋರು, ಯಾವುದನ್ನು ಬೇಕಾದರೂ ಇದೇ ಅಚ್ಚಿಗೆ ಹಾಕಬಹುದು.

ಹಿಂದಿನ ಬೆಂಚಿನವರು ಹೆಚ್ಚು ಇಷ್ಟಪಡುವುದು ಓಡುವ ಉಕ್ತಲೇಖನವನ್ನು. ವರಾಂಡದ ಗೋಡೆಗೆ ನಾಲ್ಕೈದು ವಾಕ್ಯಗಳ ಚೀಟಿ ಅಂಟಿಸುತ್ತೇನೆ. ಜೋಡಿಯಲ್ಲಿ ಒಬ್ಬರು ಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಓಡಿದವರು ಪೆನ್ನು ಮುಟ್ಟುವಂತಿಲ್ಲ, ಬಾಗಿಲಲ್ಲಿ ನಿಂತು ಕೂಗುವಂತಿಲ್ಲ, ಮಧ್ಯದಲ್ಲಿ ಪಾತ್ರ ಬದಲಾಗಬೇಕು. ಕಪ್ಪುಹಲಗೆಯ ಮೂಲೆಯಲ್ಲಿ ‘ಸೇ ಇಟ್ ಅಗೇನ್’, ‘ಸ್ಲೋಲಿ ಪ್ಲೀಸ್’, ‘ಹೌ ಡು ಯು ಸ್ಪೆಲ್ ಇಟ್?’ ಎಂದು ಬರೆದಿರುತ್ತೇನೆ. ಚೀಟಿಯ ವಾಕ್ಯಗಳಿಗಿಂತ ಈ ಮೂರು ಮಾತುಗಳನ್ನೇ ಅವರು ಹೆಚ್ಚು ಬಳಸುತ್ತಾರೆ, ನನಗೆ ಬೇಕಾದದ್ದೂ ಅದೇ. ‘ಇದು ಎಕ್ಸಾಮಿಗೆ ಬರುತ್ತಾ ಮಿಸ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಚೀಟಿಗೆ ಪಠ್ಯದ ಸಾರಾಂಶವನ್ನೋ ರಜೆ ಕೋರುವ ಪತ್ರವನ್ನೋ ಹಾಕುತ್ತೇನೆ. ಗದ್ದಲವಂತೂ ಆಗುತ್ತದೆ. ಪಕ್ಕದ ತರಗತಿಯವರು ಆಟದ ಮೈದಾನಕ್ಕೆ ಹೋಗುವ ಪೀರಿಯಡ್ಡನ್ನು ಮೊದಲೇ ಕೇಳಿ ಗೊತ್ತುಮಾಡಿಕೊಂಡರೆ ಆಕ್ಷೇಪ ಬರುವುದಿಲ್ಲ.

ನಿಯಮಗಳನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ, ಮತ್ತು ಒಂದು ಸುತ್ತು ಆಡಿ ತೋರಿಸುತ್ತೇನೆ. ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಎಂಬ ಪದ್ಧತಿಯಿಂದ ಇಂಗ್ಲಿಷ್ ಹೆಚ್ಚುವುದಿಲ್ಲ, ಮೌನ ಹೆಚ್ಚುತ್ತದೆ. ಆಡಲು ಒಲ್ಲದ ಮಗುವನ್ನು ಬಲವಂತಪಡಿಸದೆ ಸಮಯ ನೋಡುವ ಕೆಲಸ ಕೊಡುತ್ತೇನೆ. ‘ಟೂ ಮಿನಿಟ್ಸ್ ಲೆಫ್ಟ್’ ಎಂದು ಹೇಳುವುದು ಅದರ ಪಾಲಿನ ಮಾತು. ಹುಡುಗ ಹುಡುಗಿಯರನ್ನು ಕೂಡಲೇ ಜೋಡಿ ಮಾಡುವುದಿಲ್ಲ, ದಸರಾ ರಜೆಯ ನಂತರ ಅದು ತಾನಾಗಿ ಸರಿಹೋಗುತ್ತದೆ.

ಆಟ ಮುಗಿದ ಮೇಲೆ ಕೊನೆಯ ಕೆಲವು ನಿಮಿಷ ನನಗೆ ಬೇಕೇ ಬೇಕು. ಓಡಾಡುವಾಗ ಕಿವಿಗೆ ಬಿದ್ದ ಮೂರು ನಾಲ್ಕು ತಪ್ಪು ವಾಕ್ಯಗಳನ್ನು, ಯಾರದೆಂದು ಹೇಳದೆ, ಬೋರ್ಡಿನ ಮೇಲೆ ಬರೆದು ಎಲ್ಲರೂ ಸೇರಿ ತಿದ್ದಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇವೆ. ‘ಬೀನ್ಸ್ ಈಸ್’ ಅಲ್ಲಿ ‘ಬೀನ್ಸ್ ಆರ್’ ಆಗುವುದು ಈ ಹೊತ್ತಿನಲ್ಲೇ. ಪ್ರಬಂಧ ಬರೆಯುವುದು, ಭೂತಕಾಲದ ಕ್ರಿಯಾಪದಗಳನ್ನು ಹಿಡಿತಕ್ಕೆ ತಂದುಕೊಳ್ಳುವುದು ಆಟದಿಂದ ಆಗುವ ಕೆಲಸವಲ್ಲ. ಅದಕ್ಕೆ ವಾರದಲ್ಲಿ ಬೇರೆಯೇ ಪೀರಿಯಡ್ಡುಗಳನ್ನು ಮೀಸಲಿಟ್ಟಿದ್ದೇನೆ. ಆ ಪೀರಿಯಡ್ಡುಗಳಲ್ಲಿ ಈಗ ‘ಹೌ ಡು ಯು ಸ್ಪೆಲ್ ಇಟ್?’ ಎಂಬ ಪ್ರಶ್ನೆ ಬೋರ್ಡಿನ ಕಡೆ ನೋಡದೆಯೇ ಬರುತ್ತಿದೆ.