"ಇಸ್ಲಾಂ ಬಗ್ಗೆ ಯಾಕಿಷ್ಟು ಓದುತ್ತೀಯ?" ಎಂದು ಕೇಳುವವರಿಗೆ

ಹಾವೇರಿ ಕಡೆಯ ಲಿಂಗಾಯತ ಮನೆಯ ಹುಡುಗಿ ನಾನು. ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಕೆಲವು ಕಾಲದಿಂದ ನನ್ನ ಮೇಜಿನ ಮೇಲೆ ಇಸ್ಲಾಮಿಗೆ ಸಂಬಂಧಿಸಿದ ಪುಸ್ತಕಗಳೇ ಹೆಚ್ಚಾಗಿವೆ. ಅದನ್ನು ಕಂಡವರೆಲ್ಲ ಯಾಕೆ ಎಂದು ಕೇಳುತ್ತಾರೆ. ಹಾಸ್ಟೆಲಿನ ಗೆಳತಿಯರದು ಕುತೂಹಲ. ಊರಿನಲ್ಲಿ ಕಾಕಾ ಕೇಳಿದ್ದು ಗದರಿಸುವ ಧ್ವನಿಯಲ್ಲಿ. ಅವ್ವ ಫೋನಿನಲ್ಲಿ ಮಳೆ, ಬೆಳೆ ಎಲ್ಲ ಮಾತಾಡಿ ಕೊನೆಗೆ, "ಧರ್ಮ ಬದಲಿಸುವ ವಿಚಾರವೇನಾದರೂ ಇದೆಯಾ?" ಎಂದಳು. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತೇನೆ.

ಇದರ ಮೂಲ ಪಾಠದ ಮೇಲಿನ ಸಿಟ್ಟು. ಐದು ವರ್ಷದ ಎಲ್‌ಎಲ್‌ಬಿಗೆ ಸೇರಿದಾಗ ವಾದ ಮಾಡುವುದನ್ನು ಕಲಿಸುತ್ತಾರೆಂದು ನಂಬಿದ್ದೆ. ಕಲಿತದ್ದು ನೋಟ್ಸ್ ಬರೆದುಕೊಳ್ಳುವುದನ್ನು. ಮೇಷ್ಟ್ರು ಓದುತ್ತಾರೆ, ನಾವು ಬರೆಯುತ್ತೇವೆ, ಪರೀಕ್ಷೆಯಲ್ಲಿ ಅದನ್ನೇ ಮರಳಿ ಒಪ್ಪಿಸುತ್ತೇವೆ. ಹಿಬಾ (ದಾನ) ಎಂದರೇನು, ಅದರ ಲಕ್ಷಣಗಳನ್ನು ವಿವರಿಸಿ. ತಲಾಖಿನ ವಿಧಗಳನ್ನು ಬರೆಯಿರಿ. ಆಂತರಿಕ ಅಂಕಗಳ ಅಸೈನ್‌ಮೆಂಟಿನಲ್ಲಿ ಒಮ್ಮೆ ನೋಟ್ಸ್ ಹೇಳಿದ ಅಭಿಪ್ರಾಯಕ್ಕೆ ಎದುರಾಗಿ ಕಾರಣ ಕೊಟ್ಟು ಬರೆದೆ. "ನೋಟ್ಸ್‌ನಲ್ಲಿ ಇರುವಂತೆ ಬರೆಯಿರಿ" ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟರು. ಒಪ್ಪಂದದ ಕಾನೂನಿನಲ್ಲಾದರೆ ಹಾಗೂ ಹೀಗೂ ಸಹಿಸಬಹುದು. ಕೌಟುಂಬಿಕ ಕಾನೂನಿನ ಪಾಠದಲ್ಲಿ ಪಕ್ಕದಲ್ಲೇ ಕೂತವರ ಮನೆ, ಮದುವೆ, ಸಾವು ಎಲ್ಲವೂ ಎರಡು ಪುಟದ ಉತ್ತರಕ್ಕೆ ಇಳಿಯುವುದನ್ನು ನೋಡಿದಾಗ ನನಗೆ ತಡೆಯಲಾಗಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದವಳು ಪುತ್ತೂರು ಕಡೆಯ ಬ್ಯಾರಿ ಮುಸ್ಲಿಂ ಹುಡುಗಿ. ಅದೇ ನೋಟ್ಸನ್ನು ಬಾಯಿಪಾಠ ಮಾಡುತ್ತ ಆಗಾಗ, "ನಮ್ಮಲ್ಲಿ ಹೀಗಿಲ್ಲ" ಎನ್ನುತ್ತಿದ್ದಳು. ಪ್ರಾಯಕ್ಕೆ ಬಂದ ಹೆಣ್ಣು ವಲಿಯ, ಅಂದರೆ ತಂದೆಯಂಥ ಪೋಷಕನ, ಒಪ್ಪಿಗೆಯಿಲ್ಲದೆ ತಾನೇ ನಿಕಾಹ್ ಮಾಡಿಕೊಳ್ಳಬಹುದು ಎಂದು ನೋಟ್ಸ್ ಹೇಳುತ್ತಿತ್ತು. ಅವಳ ಮನೆಯಲ್ಲಿ ವಲಿಯಿಲ್ಲದ ನಿಕಾಹ್ ಸಿಂಧುವೇ ಅಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ನೋಟ್ಸ್ ಹೇಳುತ್ತಿದ್ದದ್ದು ಸುನ್ನಿ ಕಾನೂನು ಪಂಥಗಳಲ್ಲಿ ಒಂದಾದ ಹನಫಿ ಪಂಥದ ನಿಯಮ. ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಇನ್ನೊಂದು ಪಂಥವಾದ ಶಾಫಿಯವರು. ನಮ್ಮ ಹಾವೇರಿ, ಧಾರವಾಡ, ವಿಜಯಪುರದ ಕಡೆ ಹನಫಿಗಳು ಹೆಚ್ಚು. ಒಂದೇ ರಾಜ್ಯದೊಳಗಿನ ಈ ವ್ಯತ್ಯಾಸ ಸಂಜೆಯ ಅಸರ್ ನಮಾಜಿನ ವೇಳೆಯಲ್ಲೂ ಇದೆ. ಶಾಫಿಗಳಲ್ಲಿ ವಸ್ತುವಿನ ನೆರಳು, ಮಧ್ಯಾಹ್ನದ ನೆರಳನ್ನು ಕಳೆದು, ಅದರ ಎತ್ತರದಷ್ಟಾದಾಗ ಅಸರ್. ಹನಫಿ ಪಂಥದ ಮೂಲಗುರು ಅಬೂ ಹನೀಫರ ಪ್ರಕಾರ ಅದು ಎರಡರಷ್ಟಾಗಬೇಕು.

ಹನಫಿ ನಿಯಮವೇ ಪಠ್ಯಕ್ಕೆ ಹೇಗೆ ಬಂತು? 1772ರಲ್ಲಿ ಬಂಗಾಳದ ಬ್ರಿಟಿಷ್ ಗವರ್ನರ್ ವಾರನ್ ಹೇಸ್ಟಿಂಗ್ಸ್, ಮುಸಲ್ಮಾನರ ಉತ್ತರಾಧಿಕಾರ, ಮದುವೆಯಂಥ ವ್ಯಾಜ್ಯಗಳಿಗೆ ಕುರಾನಿನ ಕಾನೂನನ್ನು ಅನ್ವಯಿಸಬೇಕೆಂದು ಯೋಜನೆ ಮಾಡಿದ. ಬ್ರಿಟಿಷ್ ನ್ಯಾಯಾಧೀಶರಿಗೆ ಕೈಗೊಂದು ಪುಸ್ತಕ ಬೇಕಿತ್ತು. ಹನ್ನೆರಡನೆಯ ಶತಮಾನದ ಹನಫಿ ಗ್ರಂಥ ಹಿದಾಯಾವನ್ನು ಅರಬ್ಬಿಯಿಂದ ಪಾರಸಿಗೆ ತಂದು, ಆ ಪಾರಸಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದ. ನ್ಯಾಯಾಲಯಗಳು ಅದನ್ನು ಆಧರಿಸಿ ತೀರ್ಪು ಕೊಟ್ಟವು, ತೀರ್ಪುಗಳಿಂದ ಪಠ್ಯಪುಸ್ತಕಗಳಾದವು, ಪಠ್ಯಪುಸ್ತಕಗಳಿಂದ ನಮ್ಮ ಗೈಡುಗಳಾದವು. ಇಷ್ಟು ಕೈ ದಾಟಿ ಬರುವಾಗ ನಿಯಮಗಳು ಉಳಿದವು, ಅವುಗಳ ಹಿಂದಿದ್ದ ಚರ್ಚೆ ಉದುರಿಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚರ್ಚೆ. ಒಂದು ಉದಾಹರಣೆ ಹೇಳುತ್ತೇನೆ. "ವಸಿಯ್ಯತ್ (ಉಯಿಲು) ಆಸ್ತಿಯ ಮೂರನೇ ಒಂದು ಭಾಗಕ್ಕೆ ಸೀಮಿತ" ಎಂಬ ಒಂದು ಸಾಲು ನಮ್ಮ ನೋಟ್ಸಿನಲ್ಲಿತ್ತು. ಇದಕ್ಕೆ ಆಧಾರವಾದ, ಪ್ರವಾದಿಯವರ ನಡೆನುಡಿಯನ್ನು ದಾಖಲಿಸಿದ ಹದೀಸ್‌ನಲ್ಲಿ ಅವರ ಸಂಗಾತಿ ಸಅದ್ ಬಿನ್ ಅಬೀ ವಕ್ಕಾಸ್ ಕಾಯಿಲೆ ಬಿದ್ದಿದ್ದಾರೆ, ಪ್ರವಾದಿ ಮುಹಮ್ಮದರು ನೋಡಲು ಬಂದಿದ್ದಾರೆ. ನನಗೆ ವಾರಸುದಾರಳೆಂದರೆ ಒಬ್ಬಳೇ ಮಗಳು, ಆಸ್ತಿಯ ಮೂರರಲ್ಲಿ ಎರಡು ಪಾಲು ದಾನ ಮಾಡಲೇ ಎಂದು ಸಅದ್ ಕೇಳುತ್ತಾರೆ. ಬೇಡ. ಅರ್ಧ? ಬೇಡ. ಮೂರನೇ ಒಂದು? ಅದಾಗಬಹುದು, ಆದರೆ ಅದೂ ಹೆಚ್ಚೇ. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟು ಹೋಗುವುದಕ್ಕಿಂತ ಅವರನ್ನು ಅನುಕೂಲಸ್ಥರಾಗಿ ಬಿಟ್ಟು ಹೋಗುವುದು ಒಳ್ಳೆಯದು. ಕಾಯಿಲೆಯ ಹಾಸಿಗೆಯ ಪಕ್ಕದ ಈ ಮಾತುಕತೆ ಓದಿದ ಮೇಲೆ ಆ ಸಾಲು ನನಗೆ ಮರೆಯಲಿಲ್ಲ. ಬಾಯಿಪಾಠ ಮಾಡಬೇಕಾಗಿಯೂ ಬರಲಿಲ್ಲ.

ಇನ್ನೊಂದು ಸುನ್ನಿ ಪರಂಪರೆ ನೆನಪಿಟ್ಟುಕೊಂಡು ಬಂದಿರುವ ಲೆಕ್ಕದ ಕಥೆ. ಸತ್ತವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ. ನಿಗದಿಯಾದ ಪಾಲುಗಳು ಎಂಟನೇ ಒಂದು, ಮೂರನೇ ಎರಡು, ಆರನೇ ಒಂದು, ಆರನೇ ಒಂದು. ಇಪ್ಪತ್ತನಾಲ್ಕರಲ್ಲಿ ಹಂಚಿದರೆ 3, 16, 4, 4. ಒಟ್ಟು 27. ಆಸ್ತಿಗಿಂತ ಪಾಲೇ ಹೆಚ್ಚು! ಖಲೀಫ ಅಲಿ ಮಸೀದಿಯ ಪ್ರವಚನ ಪೀಠವಾದ ಮಿಂಬರ್ ಮೇಲೆ ನಿಂತು ಪ್ರವಚನ ಮಾಡುತ್ತಿದ್ದಾಗ ಯಾರೋ ಇದನ್ನು ಕೇಳಿದರಂತೆ. ಅವರು ಮಾತು ನಿಲ್ಲಿಸದೆಯೇ, "ಅವಳ ಎಂಟನೇ ಒಂದು ಒಂಬತ್ತನೇ ಒಂದಾಯಿತು" ಎಂದು ಮುಂದುವರಿದರಂತೆ. ಛೇದವನ್ನೇ ಇಪ್ಪತ್ತೇಳಕ್ಕೆ ಏರಿಸಿ ಎಲ್ಲರ ಪಾಲನ್ನೂ ಸಮಪ್ರಮಾಣದಲ್ಲಿ ಇಳಿಸುವುದೇ ಔಲ್. ಆದರೆ ಪ್ರವಾದಿಯವರ ದಾಯಾದಿ ಇಬ್ನ್ ಅಬ್ಬಾಸ್ ಇದನ್ನು ಒಪ್ಪಲಿಲ್ಲ. ಶಿಯಾ ಕಾನೂನು ಇಂದಿಗೂ ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಅಲ್ಲಿ ಜಾಗವಿತ್ತು. ಅಬೂ ಹನೀಫ ಕೂಫಾದ ಬಟ್ಟೆ ವ್ಯಾಪಾರಿ, 767ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಎಷ್ಟೋ ವಿಷಯಗಳಲ್ಲಿ ಗುರುವಿಗೆ ಎದುರಾದ ಅಭಿಪ್ರಾಯ ಕೊಟ್ಟರು. ನಾನು ಮೇಲೆ ಹೇಳಿದ ಅಸರ್ ವೇಳೆಯಲ್ಲೂ ಗುರುವಿನ ಮಾತು ಬಿಟ್ಟರು. ಹನಫಿ ಗ್ರಂಥಗಳು ಮೂವರ ಮಾತನ್ನೂ ಒಂದೇ ಪುಟದಲ್ಲಿ ದಾಖಲಿಸುತ್ತವೆ. ಶಾಫಿ ಪಂಥದ ಮೂಲಗುರು ಇಮಾಮ್ ಶಾಫಿ ಮದೀನಾದ ವಿದ್ವಾಂಸ ಮಾಲಿಕರ ಶಿಷ್ಯರಾಗಿದ್ದೂ ಬೇರೆ ದಾರಿ ಹಿಡಿದರು. ಈಜಿಪ್ಟಿಗೆ ಹೋದ ಮೇಲೆ ತಮ್ಮದೇ ಹಳೆಯ ಅಭಿಪ್ರಾಯಗಳನ್ನು ಬದಲಿಸಿಕೊಂಡರು. ಅವರ ಹಳೆಯ ಮಾತು, ಹೊಸ ಮಾತು ಎರಡನ್ನೂ ಶಾಫಿಗಳು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಕೆಂಪು ಶಾಯಿಯ ಅಸೈನ್‌ಮೆಂಟ್ ಹಿಡಿದು ಕೂತಿದ್ದವಳಿಗೆ ಇದನ್ನು ಓದಿ ಎಂಥ ಸಂತೋಷವಾಯಿತೆಂದು ಹೇಳಲಾರೆ. ವಾದ ಮಾಡುವುದನ್ನು ಕಲಿಯಲು ಕಾಲೇಜಿಗೆ ಬಂದಿದ್ದೆ. ವಾದ ಸಿಕ್ಕಿದ್ದು ಪಠ್ಯ ಮುಚ್ಚಿಟ್ಟಿದ್ದ ಕಡೆ.

ಹಾಗೆಂದು ಓದಿದ್ದೆಲ್ಲವನ್ನೂ ಒಪ್ಪಿದ್ದೇನೆ ಎಂದಲ್ಲ. ಮಗನಿಗೆ ಮಗಳ ಎರಡರಷ್ಟು ಪಾಲು ಎಂಬಲ್ಲಿ ನಾನು ಸಿಕ್ಕಿಕೊಂಡಿದ್ದೇನೆ. ಸಂಸಾರ ಸಾಕುವ ಹೊಣೆ ಗಂಡಿನದು, ಹೆಣ್ಣಿಗೆ ಮದುವೆಯಲ್ಲಿ ಗಂಡ ಕೊಡುವ ಮಹರ್ ಇದೆ, ಅವಳ ದುಡ್ಡು ಅವಳದೇ ಎಂದು ಗೆಳತಿ ವಿವರಿಸುತ್ತಾಳೆ. ನನಗೆ ಅದು ಪೂರ್ತಿ ಸಮಾಧಾನ ಕೊಡುವುದಿಲ್ಲ, ಅವಳಿಗೂ ಅದು ಗೊತ್ತು. ಆದರೆ ನಮ್ಮ ಮನೆಯ ಲೆಕ್ಕವನ್ನೂ ಅವಳ ಮುಂದೆ ಇಟ್ಟಿದ್ದೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಕರ್ನಾಟಕದ ಹಿಂದೂ ಹೆಣ್ಣುಮಕ್ಕಳಿಗೆ ಬಂದದ್ದು 1994ರ ತಿದ್ದುಪಡಿಯಿಂದ, ಅದೂ ಆಗ ಮದುವೆಯಾಗದಿದ್ದವರಿಗೆ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಬಂದ ಮೇಲೂ ನನ್ನ ಅವ್ವ ಅಣ್ಣತಮ್ಮಂದಿರಿಗೆ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಳು, ತವರಿನ ಬಾಗಿಲು ಮುಚ್ಚಬಾರದಲ್ಲ ಎಂದು. ಗೆಳತಿಯ ಸೋದರತ್ತೆಯರು ಕುರಾನ್ ಕೊಟ್ಟ ಪಾಲನ್ನು ಅದೇ ಕಾರಣಕ್ಕೆ ಬಿಟ್ಟುಕೊಟ್ಟಿದ್ದಾರೆ.

ಊರಿನಲ್ಲಿ ಮೊಹರಂ ಬಂದರೆ ನಾವೂ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಿದ್ದೆವು, ಚೊಂಗೆ ತಿನ್ನುತ್ತಿದ್ದೆವು, ರಿವಾಯತ್ ಪದ ಕೇಳುತ್ತಿದ್ದೆವು. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನು ಕೊಂದ ದುಃಖ ಅದೆಂದು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ಗೆಳತಿಯ ಮನೆಯಲ್ಲಿ ಪಂಜಾ (ಅಲಾಯಿ ದೇವರೆಂದು ಪೂಜಿಸುವ ಹಸ್ತದ ಗುರುತು) ಕೂರಿಸುವುದು ಸರಿಯಲ್ಲವೆಂದೇ ಹೇಳುತ್ತಾರೆ. ನಮ್ಮೂರಿನ ಮುಲ್ಲಾ ಅಜ್ಜನಿಗೆ ಅದೇ ವರ್ಷದ ದೊಡ್ಡ ಸೇವೆ. ಇಬ್ಬರನ್ನೂ ಬಲ್ಲ ನನಗೆ "ಇಸ್ಲಾಂ ಹೀಗೆ ಹೇಳುತ್ತದೆ" ಎಂದು ಶುರುವಾಗುವ ಮಾತು ಯಾರ ಬಾಯಿಂದ ಬಂದರೂ ಈಗ, ಯಾರ ಪ್ರಕಾರ ಎಂದು ಕೇಳುವ ಅಭ್ಯಾಸವಾಗಿದೆ.

ಅವ್ವನ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಆ ವಿಚಾರ ನನಗಿಲ್ಲ. ಕುತೂಹಲ ಮಾತ್ರ ಕಾನೂನಿನಲ್ಲೇ ನಿಂತಿಲ್ಲ. ರಂಜಾನಿನಲ್ಲಿ ಗೆಳತಿ ಪ್ರತಿ ರಾತ್ರಿ ಮರುದಿನದ ಉಪವಾಸಕ್ಕೆ ನಿಯ್ಯತ್ ಮಾಡುತ್ತಾಳೆ. ಶಾಫಿಗಳಲ್ಲಿ ಅದು ರಾತ್ರಿಯೇ ಆಗಬೇಕು. ಮನಸ್ಸಿನ ಸಂಕಲ್ಪವಿಲ್ಲದೆ ಹಸಿವೆ ಉಪವಾಸವಾಗುವುದಿಲ್ಲ ಎಂಬ ಈ ನಿಯಮವನ್ನು ನಾನು ತುಂಬಾ ಗೌರವಿಸುತ್ತೇನೆ. ಅವಳಿಗೆ ಅದರಲ್ಲಿ ಸಿಗುವುದು ಏನೆಂದು ತಿಳಿಯುವ ಆಸೆ ನನಗಿದೆ. ಅದನ್ನು ಕಾಕಾನಿಂದ ಮುಚ್ಚಿಡುವ ಅಗತ್ಯ ಕಾಣುವುದಿಲ್ಲ.

ಮುಂದಿನ ರಜೆಯಲ್ಲಿ ಗೆಳತಿಯ ತಂದೆ ಅವರ ಮಸೀದಿಯ ಧರ್ಮಗುರು ಉಸ್ತಾದರ ಬಳಿ ಕರೆದುಕೊಂಡು ಹೋಗುವುದಾಗಿ ಹೇಳಿದ್ದಾರೆ. ಕೇಳಬೇಕಾದದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಗಂಡು ಸಾಕುತ್ತಾನೆ ಎಂಬ ಕಾರಣಕ್ಕೆ ಅವನಿಗೆ ಎರಡು ಪಾಲಾದರೆ, ಇದೇ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಮನೆ ನಡೆಸುತ್ತಿರುವ ಮಗಳ ಪಾಲನ್ನು ಹೇಗೆ ಲೆಕ್ಕ ಹಾಕಬೇಕು?