ಕಠ್ಮಂಡುವಿಗೆ ಹೋಗುತ್ತೀರಾ? ಮೋಮೋ ಥಮೆಲ್‌ನಲ್ಲಿ ತಿನ್ನಬೇಡಿ

ಪ್ರವಾಸಿಗರೆಲ್ಲ ಉಳಿಯುವ ಥಮೆಲ್‌ನಲ್ಲೇ ನಾನು, ಅಮ್ಮ ಮೊದಲ ಸಲ ಮೋಮೋ ತಿಂದೆವು. ಒಂದು ಪ್ಲೇಟ್ ವೆಜ್ ಮೋಮೋ 450 ನೇಪಾಳಿ ರೂಪಾಯಿ. ಬಿಲ್ ಬಂದಾಗ ಅದರ ಮೇಲೆ 13% ವ್ಯಾಟ್. ನಮ್ಮ 100 ರೂಪಾಯಿಗೆ ಅಲ್ಲಿನ 160 ಎಂದು ನಿಗದಿಯಾಗಿದೆ. ನಾವು ನಮ್ಮ ದುಡ್ಡು ಕೊಟ್ಟಾಗ ಹೋಟೆಲಿನವರು 150ರ ಲೆಕ್ಕ ಹಿಡಿದರು. ಆರಿಹೋದ ಹತ್ತು ಮೋಮೋಗೆ ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 340 ರೂಪಾಯಿ! ನೇಪಾಳಿ ದುಡ್ಡನ್ನು ಮೊದಲೇ ಬದಲಾಯಿಸಿ ಇಟ್ಟುಕೊಳ್ಳಿ.

ಮಾರನೆಯ ದಿನ ಕಠ್ಮಂಡುವಿನ ಪಕ್ಕದ ಊರು ಪಾಟನ್‌ನ ಮಂಗಲ್ ಬಜಾರ್ ಹತ್ತಿರ ಒಂದು ಸಂದಿಗೆ ಹೋದೆವು. ನಾಲ್ಕೇ ಬೆಂಚು. ಶಾಲೆ ಬಿಟ್ಟ ಮಕ್ಕಳು, ಅಂಗಡಿಯವರು, ಎಲ್ಲರೂ ಮೈಗೆ ಮೈ ತಾಗಿಸಿ ಕೂತಿದ್ದರು. ನನಗೆ ಇಂಥ ಗದ್ದಲ ಇಷ್ಟ. ಆಗದವರು ಕಟ್ಟಿಸಿಕೊಂಡು ಹೋಗಬಹುದು, ಆದರೆ ಮೋಮೋ ಬಿಸಿ ಇದ್ದಾಗಲೇ ಚೆಂದ, ನಮ್ಮ ಕಡುಬಿನ ಹಾಗೆ.

ಒಲೆ ಮೇಲೆ ಮಕ್ತು. ತೂತಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಹಬೆಯಲ್ಲಿ ಬೇಯಿಸುವ ಪಾತ್ರೆ ಅದು. ಮೈದಾ ಹೊದಿಕೆ ಎಷ್ಟು ತೆಳು ಎಂದರೆ ಒಳಗಿನ ಎಲೆಕೋಸು ಕಾಣುತ್ತಿತ್ತು. ಜೊತೆಗೆ ಟೊಮೆಟೊ, ಎಳ್ಳು ಹಾಕಿದ ಅಚಾರ್, ಅಂದರೆ ಚಟ್ನಿ. ಅದರಲ್ಲಿ ಟಿಮುರ್ ಎಂಬ ಮಸಾಲೆ ಕಾಯಿ ಹಾಕಿರುತ್ತಾರೆ. ನಮ್ಮ ಕರಾವಳಿಯ ಜುಮ್ಮನಕಾಯಿಯ ಜಾತಿಯದೇ, ನಾಲಿಗೆ ಜುಮ್ಮೆನ್ನುತ್ತದೆ. "ದಿದಿ (ಅಕ್ಕಾ), ಅಚಾರ್" ಅಂದರೆ ಸಾಕು, ಅಂಗಡಿಯಾಕೆ ನಗುತ್ತಾ ಇನ್ನಷ್ಟು ಸುರಿಯುತ್ತಿದ್ದರು. ಪ್ಲೇಟಿಗೆ 150 ನೇಪಾಳಿ ರೂಪಾಯಿ. ಅಮ್ಮ ಎರಡನೇ ಪ್ಲೇಟ್ ತಾನೇ ಕೇಳಿದರು. ಅದೇ ಅಚಾರನ್ನು ತೆಳ್ಳಗೆ ಮಾಡಿ ಮೋಮೋ ಮುಳುಗಿಸಿಕೊಟ್ಟರೆ ಝೋಲ್ ಮೋಮೋ. ಚಳಿಗೆ ಅದೇ ಸರಿ. ತಳ ಹುರಿದದ್ದು ಬೇಕಾದರೆ ಕೊಥೆ ಎನ್ನಿ.

ಸಸ್ಯಾಹಾರಿಗಳು ಗಮನಿಸಿ. ಅಲ್ಲಿ ಸುಮ್ನೆ "ಮೋಮೋ" ಅಂದರೆ ಹೆಚ್ಚಾಗಿ ಬರುವುದು ಬಫ್, ಅಂದರೆ ಎಮ್ಮೆ ಅಥವಾ ಕೋಣದ ಮಾಂಸದ್ದು. ವೆಜ್ ಅಂತ ಹೇಳಿದರೂ ಸಾಲದು. ಮೇಲಿನ ತಟ್ಟೆಯಲ್ಲಿ ಬಫ್, ಕೆಳಗಿನದರಲ್ಲಿ ವೆಜ್ ಇಟ್ಟು ಬೇಯಿಸುವುದನ್ನು ನಾನೇ ನೋಡಿದೆ. ಮೇಲಿನ ರಸ ಕೆಳಗೆ ತೊಟ್ಟಿಕ್ಕುತ್ತದೆ ಅಲ್ವಾ? ಬೇರೆ ಮಕ್ತು ಇದೆಯೇ ಎಂದು ಕೇಳಿ. ಪಾಟನ್‌ನ ನಮ್ಮ ಅಂಗಡಿಯಲ್ಲಿ ಬರೀ ವೆಜ್, ಅದಕ್ಕೇ ಮೂರು ಸಲ ಹೋದೆವು.

ಹೋಗುವ ಹೊತ್ತೂ ಮುಖ್ಯ. ಅಲ್ಲಿನ ಮನೆಗಳಲ್ಲಿ ಬೆಳಗ್ಗೆ ಹತ್ತರ ಸುಮಾರಿಗೆ ದಾಲ್ ಭಾತ್, ರಾತ್ರಿ ಮತ್ತೆ ದಾಲ್ ಭಾತ್. ನಡುವಿನ ತಿಂಡಿಗೆ ಖಾಜಾ ಎನ್ನುತ್ತಾರೆ. ಮೋಮೋ ಆ ಹೊತ್ತಿನದು. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ. ಕೊನೆಯ ದಿನ ನಾವು ಆರಕ್ಕೆ ಹೋದೆವು, ಮಕ್ತು ತೊಳೆದು ಕವುಚಿಟ್ಟಿದ್ದರು.